ನೀರ್‌ಸಾಬ್: ಪುರಸಭೆಯಿಂದ ವಿಧಾನಸೌಧಕ್ಕೆ, ವಿಧಾನಸೌಧದಿಂದ ಹಳ್ಳಿಗೆ

ಅಧಿಕಾರದಲ್ಲಿದ್ದವರಿಗೆ ಬಿರುದುಗಳು ಸುಲಭವಾಗಿ ಸಿಗುತ್ತವೆ. ಸಮಾರಂಭಗಳಲ್ಲಿ ಅವುಗಳನ್ನು ಓದಿ ಹೇಳುವವರೂ ಇರುತ್ತಾರೆ, ಅಧಿಕಾರ ಹೋದ ಮರುದಿನ ಮರೆಯುವವರೂ ಅವರೇ. ಆದರೆ ಹಳ್ಳಿಯ ಹೆಂಗಸರು ಕೊಡ ತುಂಬಿಸಿಕೊಳ್ಳುತ್ತಾ ಒಬ್ಬ ಸಚಿವರಿಗೆ ಇಟ್ಟ ಹೆಸರು, ಆ ಸಚಿವರು ತೀರಿಹೋಗಿ ಮೂರು ದಶಕಗಳು ಕಳೆದ ಮೇಲೂ ಜನರ ಬಾಯಲ್ಲಿ ಉಳಿದಿದೆ. ಅವರ ನಿಜವಾದ ಹೆಸರು ಅಬ್ದುಲ್ ನಜೀರ್ ಸಾಬ್. ಜನ ಕರೆದದ್ದು ನೀರ್‌ಸಾಬ್ ಎಂದು.

1983ರಿಂದ 1988ರವರೆಗೆ ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನು ನಿರ್ವಹಿಸಿದ ಈ ವ್ಯಕ್ತಿಯ ಕುರಿತು ನಮ್ಮ ಮನೆಗಳಲ್ಲಿ ನಡೆಯುವ ಮಾತು ಬಹಳ ಕಡಿಮೆ. ನಮ್ಮ ಮಕ್ಕಳಿಗೆ ಟಿಪ್ಪು ಸುಲ್ತಾನರ ಹೆಸರು ಗೊತ್ತು, ಮೌಲಾನಾ ಆಝಾದರ ಹೆಸರು ಗೊತ್ತು. ಆದರೆ ಇದೇ ನಾಡಿನಲ್ಲಿ, ನಮ್ಮ ತಂದೆ ತಾಯಂದಿರ ಕಣ್ಣೆದುರಿನಲ್ಲೇ, ಒಂದು ಸಣ್ಣ ಪಟ್ಟಣದ ಪುರಸಭೆಯಿಂದ ಹೊರಟು ಇಡೀ ರಾಜ್ಯದ ಗ್ರಾಮಾಡಳಿತದ ಸ್ವರೂಪವನ್ನೇ ಬದಲಿಸಿದ ಒಬ್ಬ ಮುಸ್ಲಿಮ್ ಜನಪ್ರತಿನಿಧಿಯ ಕಥೆ ಅವರಿಗೆ ತಿಳಿದಿರುವುದಿಲ್ಲ. ಆ ಕಥೆಯನ್ನು ಇಲ್ಲಿ ನೆನೆಯಲು ನಾವು ಬಯಸುತ್ತೇವೆ. ನಮ್ಮವನೊಬ್ಬ ಮಂತ್ರಿಯಾಗಿದ್ದ ಎಂಬ ಹೆಮ್ಮೆಯನ್ನು ಹೇಳಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಅಧಿಕಾರವು ಕೈಗೆ ಬಂದಾಗ ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಒಂದು ಸ್ಪಷ್ಟವಾದ ಉತ್ತರವಿದೆ. ಆ ಉತ್ತರವೇ ಈ ಬರಹದ ವಿಷಯ.

ಗುಂಡ್ಲುಪೇಟೆಯ ಪಾಠ

ಮೈಸೂರಿನಿಂದ ಊಟಿಗೆ ಹೋಗುವ ರಸ್ತೆಯಲ್ಲಿ, ಬಂಡೀಪುರದ ಕಾಡು ಆರಂಭವಾಗುವ ಮುನ್ನ ಸಿಗುವ ಪಟ್ಟಣ ಗುಂಡ್ಲುಪೇಟೆ. ಇಲ್ಲಿಂದ ಒಂದು ದಾರಿ ನೀಲಗಿರಿಗೂ ಇನ್ನೊಂದು ದಾರಿ ಕೇರಳದ ವಯನಾಡಿಗೂ ಕವಲೊಡೆಯುತ್ತದೆ. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿರುವ ಈ ತಾಲೂಕು 1997ರವರೆಗೆ ಮೈಸೂರು ಜಿಲ್ಲೆಯ ಭಾಗವಾಗಿತ್ತು. ಕಾಡಿನ ಮಗ್ಗುಲಲ್ಲೇ ಇದ್ದರೂ ಇದು ಮಳೆಯ ನೆರಳಿನ ಸೀಮೆ. ಘಟ್ಟದ ಆಚೆ ಸುರಿಯುವ ಮಳೆ ಈಚೆಗೆ ಬರುವಷ್ಟರಲ್ಲಿ ಬಡಕಲಾಗಿರುತ್ತದೆ. ಬೇಸಿಗೆಯಲ್ಲಿ ತೆರೆದ ಬಾವಿಗಳು ಬತ್ತುವುದು, ನೀರಿಗಾಗಿ ಹೊಲದಿಂದ ಹೊಲಕ್ಕೆ ಅಲೆಯುವುದು ಇಲ್ಲಿಯ ಹಳ್ಳಿಗಳಿಗೆ ಹೊಸತಲ್ಲ.

ನಜೀರ್ ಸಾಬ್ ಈ ಊರಿನವರು. ಅವರ ಸಾರ್ವಜನಿಕ ಜೀವನ ಆರಂಭವಾದದ್ದು ಗುಂಡ್ಲುಪೇಟೆಯ ಪುರಸಭೆಯಲ್ಲಿ. ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆಗಿ 1972ರಿಂದ 1978ರವರೆಗೆ ಕಾರ್ಯನಿರ್ವಹಿಸಿದ ಕೆ.ಎಸ್. ನಾಗರತ್ನಮ್ಮನವರ ಕ್ಷೇತ್ರವೂ ಇದೇ ಗುಂಡ್ಲುಪೇಟೆ. ಪಕ್ಷ ಬೇರೆ, ದಾರಿ ಬೇರೆ. ಆದರೂ ಒಂದು ಸಣ್ಣ ತಾಲೂಕು ರಾಜ್ಯಕ್ಕೆ ಇಂತಹ ಇಬ್ಬರನ್ನು ಕೊಟ್ಟಿತೆಂಬುದು ಗಮನಿಸತಕ್ಕ ಸಂಗತಿ.

ಪುರಸಭೆಯ ಸದಸ್ಯತನ ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ನಜೀರ್ ಸಾಬರು ಮುಂದೆ ಮಾಡಿದ ಕೆಲಸದ ಬೇರು ಅಲ್ಲಿದೆ. ಶಾಸಕರ ಮನೆ ದೂರದಲ್ಲಿರುತ್ತದೆ, ಸಚಿವರ ಮನೆ ಇನ್ನೂ ದೂರ. ಆದರೆ ವಾರ್ಡಿನ ಸದಸ್ಯನ ಮನೆ ಅದೇ ಬೀದಿಯಲ್ಲಿರುತ್ತದೆ. ನಲ್ಲಿಯಲ್ಲಿ ನೀರು ಬಾರದಿದ್ದರೆ, ಚರಂಡಿ ಕಟ್ಟಿಕೊಂಡರೆ, ಬೀದಿ ದೀಪ ಉರಿಯದಿದ್ದರೆ ಜನ ಬಂದು ನಿಲ್ಲುವುದು ಅವನ ಬಾಗಿಲಲ್ಲಿ. ಮಸೀದಿಯ ಮುಂದೆಯೂ ಸಂತೆಯಲ್ಲಿಯೂ ಅವನನ್ನು ನಿಲ್ಲಿಸಿ ಕೇಳುವವರಿರುತ್ತಾರೆ. ಜನರ ಪ್ರಶ್ನೆಯಿಂದ ಅವನು ತಪ್ಪಿಸಿಕೊಳ್ಳಲಾರ.

ಆದರೆ ಅವನ ಕೈಯಲ್ಲಿ ಇರುವ ಶಕ್ತಿಯಾದರೂ ಎಷ್ಟು? ಪುರಸಭೆಯ ಮುಖ್ಯಾಧಿಕಾರಿ ಸರ್ಕಾರದ ನೌಕರ. ಪುರಸಭೆಯು ಕೈಗೊಂಡ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿತ್ತು. ಸರ್ಕಾರ ಮನಸ್ಸು ಮಾಡಿದರೆ ಇಡೀ ಸಭೆಯನ್ನೇ ಬರಖಾಸ್ತುಗೊಳಿಸಿ ಆಡಳಿತಾಧಿಕಾರಿಯನ್ನು ನೇಮಿಸಬಹುದಿತ್ತು. ಜನರಿಗೆ ಉತ್ತರ ಹೇಳಬೇಕಾದವನು ಒಬ್ಬ, ನಿರ್ಧಾರ ಮಾಡುವವನು ಇನ್ನೊಬ್ಬ. ಹೊಣೆಯೆಲ್ಲ ಕೆಳಗೆ, ಹಣ ಮತ್ತು ಅಧಿಕಾರವೆಲ್ಲ ಮೇಲೆ.

ಹಳ್ಳಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. 1959ರ ಕಾಯ್ದೆಯ ಪ್ರಕಾರ ಅಂದಿನ ಮೈಸೂರು ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳು, ಅವುಗಳ ಮೇಲೆ ತಾಲೂಕು ಅಭಿವೃದ್ಧಿ ಮಂಡಳಿಗಳು, ಜಿಲ್ಲಾ ಮಟ್ಟದಲ್ಲಿ ಅಭಿವೃದ್ಧಿ ಪರಿಷತ್ತುಗಳು ಇದ್ದವು. ಆ ಜಿಲ್ಲಾ ಪರಿಷತ್ತಿಗೆ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. ಗ್ರಾಮ ಪಂಚಾಯತಿಗೆ ಬರುತ್ತಿದ್ದ ಆದಾಯ ಅತ್ಯಲ್ಪ. ಚುನಾವಣೆಗಳು ಸರ್ಕಾರದ ಅನುಕೂಲ ನೋಡಿಕೊಂಡು ನಡೆಯುತ್ತಿದ್ದವು, ಅನುಕೂಲವಿಲ್ಲದಿದ್ದರೆ ಮುಂದಕ್ಕೆ ಹೋಗುತ್ತಿದ್ದವು. ಹಳ್ಳಿಯ ಜನ ಮತ ಹಾಕುತ್ತಿದ್ದರು. ಆದರೆ ಆ ಮತದಿಂದ ಆಯ್ಕೆಯಾದವನಿಗೆ ಶಾಲೆಯ ಮುರಿದ ಹೆಂಚನ್ನು ಬದಲಿಸುವ ಶಕ್ತಿಯೂ ಇರಲಿಲ್ಲ.

ಕೊಡ ತುಂಬಿದ ಕಾಲ

1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಅಸ್ತಿತ್ವಕ್ಕೆ ಬಂತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ವಿಧಾನ ಪರಿಷತ್ತಿನ ಸದಸ್ಯರಾಗಿದ್ದ ನಜೀರ್ ಸಾಬರ ಪಾಲಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಬಂತು. ಅಂದಿನ ದಿನಗಳಲ್ಲಿ ಅದು ಯಾರೂ ಹಂಬಲಿಸುವ ಖಾತೆಯಾಗಿರಲಿಲ್ಲ. ಕಂದಾಯ, ಲೋಕೋಪಯೋಗಿ, ಅಬಕಾರಿಗಳಂತೆ ಅದರಲ್ಲಿ ಹೊಳಪಿರಲಿಲ್ಲ.

ಎಂಬತ್ತರ ದಶಕ ಕರ್ನಾಟಕಕ್ಕೆ ಪದೇಪದೇ ಬರ ತಂದ ದಶಕ. ನಮ್ಮ ಬಯಲುಸೀಮೆಯ ನೆಲದಡಿಯಲ್ಲಿರುವುದು ಗಟ್ಟಿಯಾದ ಕಲ್ಲು. ಮೇಲಿನ ಮಣ್ಣಿನ ಪದರದಲ್ಲಿ ನಿಂತ ನೀರನ್ನು ತೆರೆದ ಬಾವಿ ಎತ್ತಿಕೊಡುತ್ತದೆ. ಮಳೆ ಕೈಕೊಟ್ಟರೆ ಮೊದಲು ಬತ್ತುವುದು ಆ ಪದರವೇ. ಕಲ್ಲಿನ ಬಿರುಕುಗಳಲ್ಲಿ ಆಳದಲ್ಲಿ ಸೇರಿಕೊಂಡ ನೀರನ್ನು ತಲುಪಬೇಕಾದರೆ ಯಂತ್ರದಿಂದ ಕೊರೆಯಬೇಕು. ಹಾಗೆ ಕೊರೆದ ಬಾವಿಗೆ ಕೈಪಂಪು ಜೋಡಿಸಿದರೆ ವಿದ್ಯುತ್ತಿನ ಹಂಗಿಲ್ಲದೆ ಒಬ್ಬ ಹುಡುಗಿಯೂ ನೀರೆತ್ತಬಲ್ಲಳು. ನಮ್ಮ ಹಳ್ಳಿಗಳು ಬೋರಿಂಗು ಎಂದು ಕರೆಯುವ ಈ ವ್ಯವಸ್ಥೆಯನ್ನು ನಜೀರ್ ಸಾಬರು ಊರೂರಿಗೆ ಮುಟ್ಟಿಸುವುದನ್ನು ತಮ್ಮ ಮೊದಲ ಕರ್ತವ್ಯವಾಗಿಸಿಕೊಂಡರು. ಕೊಳವೆಬಾವಿ ಕೊರೆಯುವ ಲಾರಿಗಳು ಹಿಂದೆಂದೂ ಕಾಣದ ಹಳ್ಳಿಗಳಿಗೆ ಬಂದವು. ನೀರ್‌ಸಾಬ್ ಎಂಬ ಹೆಸರು ಹುಟ್ಟಿದ್ದು ಈ ಕಾಲದಲ್ಲಿ.

ಇದು ಬಾಯಾರಿಕೆಯ ಪ್ರಶ್ನೆ ಮಾತ್ರವಾಗಿರಲಿಲ್ಲ. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಜನರು ಮೆಟ್ಟಿಲು ಬಾವಿಗಳಿಗೆ ಇಳಿದು, ಕಾಲನ್ನು ನೀರಿನಲ್ಲಿಟ್ಟು ಕೊಡ ತುಂಬಿಸುತ್ತಿದ್ದರು. ಅಂತಹ ನೀರಿನಿಂದ ಹರಡುತ್ತಿದ್ದ ನಾರುಹುಣ್ಣು ಎಂಬ ರೋಗ ಕಾಲಿನಿಂದ ಉದ್ದನೆಯ ಹುಳು ಹೊರಬರುವವರೆಗೆ ಮನುಷ್ಯನನ್ನು ತಿಂಗಳುಗಟ್ಟಲೆ ಹಾಸಿಗೆಗೆ ಕೆಡವುತ್ತಿತ್ತು. ಆ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದಕ್ಕೆ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ. ಶುದ್ಧವಾದ ಕುಡಿಯುವ ನೀರೇ ಅದರ ಪರಿಹಾರ. ದೇಶವ್ಯಾಪಿಯಾಗಿ ನಡೆದ ಪ್ರಯತ್ನದ ಫಲವಾಗಿ 2000ದಲ್ಲಿ ಭಾರತವು ಆ ರೋಗದಿಂದ ಮುಕ್ತವಾದ ದೇಶವೆಂದು ಘೋಷಿತವಾಯಿತು. ಹಳ್ಳಿಗಳಿಗೆ ಬಂದ ಕೈಪಂಪುಗಳ ಪಾಲು ಆ ಗೆಲುವಿನಲ್ಲಿದೆ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ನಮ್ಮ ಹಳ್ಳಿಗಳಲ್ಲಿ ಬಾವಿಗೆ ಜಾತಿಯಿತ್ತು. ಯಾರು ಯಾವ ಬಾವಿಯ ಹಗ್ಗ ಮುಟ್ಟಬಹುದು, ಯಾರು ದೂರ ನಿಂತು ಯಾರಾದರೂ ಹೊಯ್ಯುವುದನ್ನು ಕಾಯಬೇಕು ಎಂಬ ಕಟ್ಟಳೆಯಿತ್ತು. ದಲಿತರ ಕೇರಿಯಲ್ಲೇ ಕೊರೆದ ಒಂದು ಕೊಳವೆಬಾವಿ ಆ ಕೇರಿಯ ತಾಯಂದಿರನ್ನು ದಿನಕ್ಕೆರಡು ಬಾರಿಯ ಅವಮಾನದಿಂದ ಪಾರುಮಾಡಿತು. ಜಾತಿಯ ಕಟ್ಟಳೆಯೇ ಇದರಿಂದ ಮುರಿಯಿತೆಂದು ಹೇಳಲಾಗದು. ಆದರೆ ನೀರಿಗಾಗಿ ಬೇಡುವ ಸ್ಥಿತಿ ತಪ್ಪಿತು.

ಮದೀನದಲ್ಲಿ ರೂಮಾ ಎಂಬ ಬಾವಿಯಿತ್ತು. ಅದರ ಒಡೆಯ ನೀರನ್ನು ಮಾರುತ್ತಿದ್ದ, ಬಡವರಿಗೆ ಅದು ದುಬಾರಿಯಾಗಿತ್ತು. ಹಝ್ರತ್ ಉಸ್ಮಾನ್(ರ) ಆ ಬಾವಿಯನ್ನು ಕೊಂಡು ಸರ್ವರಿಗೂ ಮುಕ್ತಗೊಳಿಸಿದರು ಎಂಬುದು ನಾವೆಲ್ಲರೂ ಬಲ್ಲ ವೃತ್ತಾಂತ. ನೀರನ್ನು ಕೊಡುವುದು ದಾನಗಳಲ್ಲಿ ಶ್ರೇಷ್ಠವಾದುದೆಂದು ನಮಗೆ ಕಲಿಸಲಾಗಿದೆ. ಆದರೆ ಉಸ್ಮಾನ್(ರ) ಕೊಟ್ಟದ್ದು ತಮ್ಮ ಸ್ವಂತ ಹಣವನ್ನು. ಸಚಿವನಾದವನು ವ್ಯಯಿಸುವುದು ಜನರದ್ದೇ ಹಣವನ್ನು. ಹಾಗಾಗಿ ಸಚಿವನ ಕೆಲಸ ದಾನವಲ್ಲ, ಅಮಾನತ್. ತನ್ನ ಬಳಿ ನಂಬಿಕೆಯಿಂದ ಇಟ್ಟದ್ದನ್ನು ಅದರ ಹಕ್ಕುದಾರನಿಗೆ ತಲುಪಿಸುವ ಹೊಣೆ ಅದು. ನಜೀರ್ ಸಾಬರ ಮುಂದಿನ ಹೆಜ್ಜೆಯನ್ನು ಅರ್ಥಮಾಡಿಕೊಳ್ಳಲು ಈ ವ್ಯತ್ಯಾಸ ನೆನಪಿನಲ್ಲಿರಬೇಕು.

ಕೊಟ್ಟು ಕೈಬಿಟ್ಟ ಅಧಿಕಾರ

ಕೈಪಂಪಿನ ಸರಳು ತುಂಡಾದರೆ ಯಾರನ್ನು ಕೇಳಬೇಕು? ಅಂದಿನ ವ್ಯವಸ್ಥೆಯಲ್ಲಿ ಹಳ್ಳಿಯವರು ತಾಲೂಕು ಕಚೇರಿಗೆ ಅರ್ಜಿ ಹಿಡಿದು ಹೋಗಬೇಕು, ಅಲ್ಲಿಂದ ಕಡತ ಮೇಲಕ್ಕೆ ಹೋಗಬೇಕು, ಮೇಲಿನಿಂದ ಮಂಜೂರಾತಿ ಬರಬೇಕು. ರಾಜಧಾನಿಯಿಂದ ಬಂದ ನೀರು ರಾಜಧಾನಿಯನ್ನೇ ಕಾಯಬೇಕು. ಸಾವಿರಾರು ಕೊಳವೆಬಾವಿಗಳನ್ನು ಕೊರೆಸಿದ ಸಚಿವ, ಜನ ತನ್ನ ಮನೆ ಬಾಗಿಲಿಗೆ ಬರುವುದನ್ನೇ ಜನಪ್ರಿಯತೆ ಎಂದು ಭಾವಿಸಿ ಅಷ್ಟಕ್ಕೇ ನಿಂತುಬಿಡಬಹುದಿತ್ತು. ರಾಜಕೀಯವಾಗಿ ಅದು ಲಾಭದ ದಾರಿಯೂ ಹೌದು. ನಜೀರ್ ಸಾಬರು ಆ ದಾರಿ ಹಿಡಿಯಲಿಲ್ಲ. ನಿರ್ಧರಿಸುವ ಶಕ್ತಿಯನ್ನೇ ಹಳ್ಳಿಗೆ ವರ್ಗಾಯಿಸುವ ಕಾನೂನನ್ನು ಅವರು ಕೈಗೆತ್ತಿಕೊಂಡರು.

ಅದಕ್ಕೊಂದು ಹಿನ್ನೆಲೆಯಿತ್ತು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ನೇಮಿಸಿದ ಅಶೋಕ್ ಮೆಹ್ತಾ ಸಮಿತಿ ಮರುವರ್ಷ ವರದಿ ಕೊಟ್ಟಿತು. ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ಪರಿಷತ್ತು, ಕೆಲವು ಹಳ್ಳಿಗಳನ್ನು ಸೇರಿಸಿ ಮಂಡಲ ಪಂಚಾಯತಿ, ಇವೆರಡೇ ಮುಖ್ಯ ಹಂತಗಳಿರಲಿ ಎಂಬುದು ಅದರ ಶಿಫಾರಸು. ಆ ಸರ್ಕಾರ ಬಿದ್ದಮೇಲೆ ವರದಿ ಧೂಳು ತಿನ್ನುತ್ತಿತ್ತು. ಅದಕ್ಕೆ ಕಾನೂನಿನ ರೂಪ ಕೊಟ್ಟವರಲ್ಲಿ ಕರ್ನಾಟಕ ಮುಂಚೂಣಿಯಲ್ಲಿತ್ತು. ಜಿಲ್ಲಾ ಪರಿಷತ್ತು, ತಾಲೂಕು ಪಂಚಾಯತಿ ಸಮಿತಿ, ಮಂಡಲ ಪಂಚಾಯತಿ ಮತ್ತು ನ್ಯಾಯ ಪಂಚಾಯತಿಗಳ ಮಸೂದೆ 1983ರಲ್ಲಿ ವಿಧಾನಮಂಡಲದ ಮುಂದೆ ಬಂತು.

ಆ ಕಾಯ್ದೆಯಲ್ಲಿ ಏನಿತ್ತು ಎಂಬುದನ್ನು ನೋಡೋಣ. ಜಿಲ್ಲಾ ಪರಿಷತ್ತಿನ ಸದಸ್ಯರನ್ನು ಜನರೇ ನೇರವಾಗಿ ಆರಿಸುವರು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಆಡಳಿತ ನಡೆಸಲು ಮುಖ್ಯ ಕಾರ್ಯದರ್ಶಿ ಎಂಬ ಹಿರಿಯ ಅಧಿಕಾರಿ. ಸೇವಾ ಹಿರಿತನದಲ್ಲಿ ಆತ ಜಿಲ್ಲಾಧಿಕಾರಿಗಿಂತಲೂ ಮೇಲಿನವನು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕೃಷಿ, ಪಶುಪಾಲನೆ, ಕುಡಿಯುವ ನೀರು, ಹಳ್ಳಿಯ ರಸ್ತೆಗಳಂತಹ ವಿಷಯಗಳು ಸಿಬ್ಬಂದಿ ಮತ್ತು ಹಣದ ಸಮೇತ ಪರಿಷತ್ತಿನ ವಶಕ್ಕೆ. ಮಂಡಲ ಪಂಚಾಯತಿಗೆ ಜನರಿಂದ ಆಯ್ಕೆಯಾದ ಸದಸ್ಯರು, ಅವರಲ್ಲೊಬ್ಬ ಪ್ರಧಾನ. ವರ್ಷಕ್ಕೆ ಎರಡು ಬಾರಿ ಊರಿನ ಮತದಾರರೆಲ್ಲ ಸೇರುವ ಗ್ರಾಮಸಭೆ. ಎಲ್ಲಕ್ಕಿಂತ ಮುಖ್ಯವಾಗಿ, ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿ, ಪಂಗಡಗಳಿಗೂ ಮೀಸಲಾತಿ. ದೇಶದ ಸಂವಿಧಾನ ಇಂತಹ ಮೀಸಲಾತಿಯನ್ನು ಕಡ್ಡಾಯ ಮಾಡುವುದಕ್ಕೆ ಹತ್ತು ವರ್ಷ ಮೊದಲಿನ ಮಾತು ಇದು.

ಮಸೂದೆಯ ಹಾದಿ ಸುಗಮವಾಗಿರಲಿಲ್ಲ. ವಿರೋಧ ಪಕ್ಷಕ್ಕಿಂತ ಹೆಚ್ಚಿನ ಆತಂಕ ಎಲ್ಲ ಪಕ್ಷಗಳ ಶಾಸಕರಲ್ಲಿತ್ತು. ತನ್ನ ಕ್ಷೇತ್ರದ ಕೊಳವೆಬಾವಿ ಎಲ್ಲಿ ಕೊರೆಯಬೇಕು, ಶಿಕ್ಷಕನ ವರ್ಗಾವಣೆ ಎಲ್ಲಿಗಾಗಬೇಕು ಎಂಬುದನ್ನು ಜಿಲ್ಲಾ ಪರಿಷತ್ತು ತೀರ್ಮಾನಿಸಿದರೆ ಶಾಸಕನಿಗೆ ಉಳಿಯುವುದೇನು ಎಂಬ ಪ್ರಶ್ನೆ ಅದು. ಶಾಸಕರನ್ನು ಪರಿಷತ್ತಿನ ಸದಸ್ಯರನ್ನಾಗಿ ಸೇರಿಸಿಕೊಂಡದ್ದು, ತಾಲೂಕು ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದ್ದು ಈ ಆತಂಕಕ್ಕೆ ಸಿಕ್ಕ ಸಮಾಧಾನ. ಆದರೆ ಜಿಲ್ಲಾ ಪರಿಷತ್ತಿನ ಅಧ್ಯಕ್ಷ ಪೀಠ ಜನರು ಅದಕ್ಕಾಗಿಯೇ ಆರಿಸಿದವರಿಗೆ ಉಳಿಯಿತು. ಉಭಯ ಸದನಗಳ ಒಪ್ಪಿಗೆ ದೊರೆತ ಬಳಿಕವೂ ರಾಷ್ಟ್ರಪತಿಗಳ ಅಂಕಿತಕ್ಕಾಗಿ ಮಸೂದೆ ಕಾಯಬೇಕಾಯಿತು. ಅಂಕಿತ ಬಿದ್ದು ಕಾಯ್ದೆ ಜಾರಿಗೆ ಬಂದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಆ ಚುನಾವಣೆಯಲ್ಲಿ 19 ಜಿಲ್ಲಾ ಪರಿಷತ್ತುಗಳಿಗೂ ಎರಡೂವರೆ ಸಾವಿರದಷ್ಟು ಮಂಡಲ ಪಂಚಾಯತಿಗಳಿಗೂ ಸೇರಿ 50,000ಕ್ಕೂ ಹೆಚ್ಚು ಪ್ರತಿನಿಧಿಗಳು ಆಯ್ಕೆಯಾದರು. ಅವರಲ್ಲಿ ಕಾಲುಭಾಗದಷ್ಟು ಮಂದಿ ಮಹಿಳೆಯರು. ಹಿಂದಿನ ದಿನದವರೆಗೆ ಊರಿನ ಪಂಚಾಯತಿ ಕಟ್ಟೆಯ ಹತ್ತಿರವೂ ಸುಳಿಯದಿದ್ದ ಹೆಣ್ಣುಮಕ್ಕಳು ಸಭೆಯಲ್ಲಿ ಕುರ್ಚಿ ಹಾಕಿ ಕುಳಿತರು. ಗಂಡಂದಿರೇ ಮಾತನಾಡಿದ ಸಭೆಗಳೂ ಇದ್ದವು, ಹೆಬ್ಬೆಟ್ಟು ಒತ್ತಿಸಿಕೊಂಡು ಕಳುಹಿಸಿದ ಪ್ರಸಂಗಗಳೂ ಇದ್ದವು. ಆದರೆ ಒಮ್ಮೆ ತೆರೆದ ಬಾಗಿಲನ್ನು ಮತ್ತೆ ಮುಚ್ಚುವುದು ಯಾರಿಂದಲೂ ಆಗಲಿಲ್ಲ.

ಈ ಚುನಾವಣೆಯಲ್ಲಿ ಕೆಲವು ಜಿಲ್ಲಾ ಪರಿಷತ್ತುಗಳು ಆಡಳಿತ ಪಕ್ಷದ ಕೈಗೆ ಸಿಗದೆ ಕಾಂಗ್ರೆಸ್ಸಿನ ಪಾಲಾದವು. ಇಲ್ಲಿಯೇ ನಿಜವಾದ ಪರೀಕ್ಷೆಯಿರುವುದು. ನಮ್ಮ ಪಕ್ಷದವರು ಗೆದ್ದ ಕಡೆ ಅಧಿಕಾರ ಕೊಡುವುದು ಯಾರಿಗೂ ಕಷ್ಟವಲ್ಲ. ವಿರೋಧಿ ಗೆದ್ದ ಜಿಲ್ಲೆಗೂ ಅದೇ ಕಾನೂನು, ಅದೇ ಹಣ, ಅದೇ ಸಿಬ್ಬಂದಿ ದೊರೆಯುವಂತೆ ನಿಯಮವನ್ನೇ ಕಟ್ಟಿಟ್ಟರೆ ಮಾತ್ರ ಅದು ಅಧಿಕಾರದ ವಿಕೇಂದ್ರೀಕರಣ ಎನಿಸುತ್ತದೆ. 1983ರ ಕಾಯ್ದೆ ಆ ನಿಯಮವನ್ನು ಕಟ್ಟಿಟ್ಟಿತ್ತು.

ಹೊಸ ವ್ಯವಸ್ಥೆ ಬಂದ ಮೇಲೆ ಹಳ್ಳಿಯ ಶಾಲೆಗಳಲ್ಲಿ ಶಿಕ್ಷಕರ ಹಾಜರಾತಿಯೂ ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿಯ ಹಾಜರಾತಿಯೂ ಸುಧಾರಿಸಿದ್ದನ್ನು ಅಂದಿನ ಅಧ್ಯಯನಗಳು ಗುರುತಿಸಿವೆ. ಕಾರಣ ಸರಳವಾದುದು. ಮೇಲ್ವಿಚಾರಕ ವರ್ಷಕ್ಕೊಮ್ಮೆ ಜೀಪಿನಲ್ಲಿ ಬರುವವನಾಗಿರಲಿಲ್ಲ. ಅದೇ ಶಾಲೆಯಲ್ಲಿ ಮಗನನ್ನು ಓದಿಸುತ್ತಿದ್ದ ಮಂಡಲ ಸದಸ್ಯನಾಗಿದ್ದ.

ಈ ಎಲ್ಲ ಶ್ರೇಯಸ್ಸನ್ನು ಒಬ್ಬರಿಗೇ ಸಲ್ಲಿಸುವುದು ನ್ಯಾಯವಲ್ಲ. ಮುಖ್ಯಮಂತ್ರಿ ಹೆಗಡೆಯವರ ಬೆಂಬಲವಿಲ್ಲದಿದ್ದರೆ ಈ ಕಾಯ್ದೆ ಸದನದ ಹೊಸ್ತಿಲು ದಾಟುತ್ತಿರಲಿಲ್ಲ. ಅದನ್ನು ಕರಡಿನಿಂದ ಕಾರ್ಯರೂಪಕ್ಕೆ ತಂದ ದಕ್ಷ ಅಧಿಕಾರಿಗಳಿದ್ದರು. ಆದರೆ ಸಂಪುಟದಲ್ಲಿ ಅದರ ಪರವಾಗಿ ವಾದಿಸಿದವರು, ಸದನದಲ್ಲಿ ಅದನ್ನು ಸಮರ್ಥಿಸಿಕೊಂಡವರು, ಸಹೋದ್ಯೋಗಿಗಳ ಅಸಮಾಧಾನವನ್ನು ಎದುರಿಸಿದವರು ನಜೀರ್ ಸಾಬರು. ಹೊಣೆಯೆಲ್ಲ ಕೆಳಗೂ ಅಧಿಕಾರವೆಲ್ಲ ಮೇಲೂ ಇರುವ ವ್ಯವಸ್ಥೆಯನ್ನು ಪುರಸಭೆಯ ದಿನಗಳಲ್ಲಿ ಕಂಡಿದ್ದವರು, ಮೇಲಿನ ಕುರ್ಚಿ ಸಿಕ್ಕಾಗ ಆ ವ್ಯವಸ್ಥೆಯನ್ನು ತಿರುಗಿಸಲು ಮುಂದಾದರು.

ಅವರ ನಂತರ

ನಜೀರ್ ಸಾಬರಿಗೆ ದೀರ್ಘಾಯುಷ್ಯ ದೊರೆಯಲಿಲ್ಲ. 1988ರ ಆಗಸ್ಟ್‌ನಲ್ಲಿ ಹೆಗಡೆಯವರು ರಾಜೀನಾಮೆ ನೀಡಿ ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ರೋಗದಿಂದ ನಜೀರ್ ಸಾಬರು ನಿಧನರಾದರು. ಜಿಲ್ಲಾ ಪರಿಷತ್ತುಗಳು ಕೆಲಸ ಆರಂಭಿಸಿ ಆಗಿನ್ನೂ ಎರಡು ವರ್ಷಗಳೂ ತುಂಬಿರಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಬೊಮ್ಮಾಯಿ ಸರ್ಕಾರವನ್ನು ವಜಾಮಾಡಿ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಬೆಂಗಳೂರಿನಲ್ಲಿ ಚುನಾಯಿತ ಸರ್ಕಾರವಿಲ್ಲದ ಆ ತಿಂಗಳುಗಳಲ್ಲಿಯೂ ಜಿಲ್ಲೆ ಮತ್ತು ಮಂಡಲಗಳಲ್ಲಿ ಜನರು ಆರಿಸಿದವರೇ ಆಡಳಿತ ನಡೆಸುತ್ತಿದ್ದರು. ಆದರೆ ಅವರ ಅವಧಿ ಮುಗಿದ 1992ರಲ್ಲಿ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳ ನೇಮಕವಾಯಿತು. ಕಟ್ಟಲು ವರ್ಷಗಳು ಬೇಕಾದದ್ದನ್ನು ಒಂದು ಆದೇಶ ನಿಲ್ಲಿಸಿಬಿಟ್ಟಿತು. ರಾಜ್ಯದ ಕಾಯ್ದೆಗೆ ರಾಜ್ಯ ಸರ್ಕಾರದ ಇಚ್ಛೆಯೇ ಆಧಾರ. ಇಚ್ಛೆ ಬದಲಾದರೆ ಆಧಾರವೂ ಕುಸಿಯುತ್ತದೆ.

ಆ ದೌರ್ಬಲ್ಯಕ್ಕೆ ಸಂವಿಧಾನದ 73ನೆಯ ತಿದ್ದುಪಡಿ ಉತ್ತರವಾಗಿ ಬಂತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಆ ತಿದ್ದುಪಡಿಯು ಐದು ವರ್ಷಕ್ಕೊಮ್ಮೆ ಪಂಚಾಯತಿ ಚುನಾವಣೆಯನ್ನೂ ಮಹಿಳೆಯರಿಗೆ ಮೂರನೆಯ ಒಂದು ಭಾಗದ ಸ್ಥಾನಗಳನ್ನೂ ದೇಶದುದ್ದಕ್ಕೂ ಕಡ್ಡಾಯಗೊಳಿಸಿತು. ಇದಕ್ಕೆ ಮುಂಚಿನ ಚರ್ಚೆಗಳಲ್ಲಿ ಕರ್ನಾಟಕದ ಅನುಭವ ಮತ್ತೆ ಮತ್ತೆ ಪ್ರಸ್ತಾಪಕ್ಕೆ ಬಂದಿತ್ತು. ಅದರ ಅಡಿಯಲ್ಲಿ ಕರ್ನಾಟಕವು 1993ರ ಮೇ ತಿಂಗಳಿನಲ್ಲೇ ಹೊಸ ಪಂಚಾಯತ್ ರಾಜ್ ಕಾಯ್ದೆಯನ್ನು ಜಾರಿಗೆ ತಂದಿತು. ಇಂದು ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯತಿಗಳಿವೆ. ಮಹಿಳೆಯರ ಪಾಲು ಅರ್ಧಕ್ಕೆ ಏರಿದೆ. ಅಲ್ಲಿ ಆಯ್ಕೆಯಾಗುವ ಸದಸ್ಯರಿಗೆ ತರಬೇತಿ ನೀಡುವ ಮೈಸೂರಿನ ರಾಜ್ಯ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬರ ಹೆಸರನ್ನೇ ಇಡಲಾಗಿದೆ.

ನೀರಿನ ಕಥೆಗೂ ಒಂದು ಮುಂದುವರಿಕೆಯಿದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಅಂದು ಕುಡಿಯಲು ಕೊರೆದ ಕೊಳವೆಬಾವಿಯ ಪಕ್ಕದಲ್ಲಿ ಮುಂದಿನ ದಶಕಗಳಲ್ಲಿ ನೀರಾವರಿಗಾಗಿ ಲಕ್ಷಾಂತರ ಕೊಳವೆಬಾವಿಗಳು ಬಂದವು. ಅಂತರ್ಜಲ ಕೆಳಕ್ಕೆ ಇಳಿಯಿತು. ಆಳಕ್ಕೆ ಹೋದಂತೆಲ್ಲ ಅನೇಕ ಜಿಲ್ಲೆಗಳಲ್ಲಿ ಫ್ಲೋರೈಡ್ ತುಂಬಿದ ನೀರು ಬಂತು. ಅಂದಿನ ಕೈಪಂಪುಗಳು ಬಹಳ ಕಡೆ ಇಂದು ತುಕ್ಕು ಹಿಡಿದು ನಿಂತಿವೆ. ಪ್ರತಿಯೊಂದು ಪೀಳಿಗೆಯೂ ತನ್ನ ಕಾಲದ ದಾಹಕ್ಕೆ ತಾನೇ ಉತ್ತರ ಹುಡುಕಬೇಕಾಗುತ್ತದೆ. ಆದರೆ ಇಂದು ಕೆರೆಯ ಹೂಳೆತ್ತಬೇಕೇ, ಶುದ್ಧೀಕರಣ ಘಟಕ ಎಲ್ಲಿ ಬೇಕು ಎಂದು ಊರಿನವರೇ ಗ್ರಾಮಸಭೆಯಲ್ಲಿ ನಿಂತು ಕೇಳಬಹುದಾದರೆ, ಆ ಹಕ್ಕಿಗೆ ಭದ್ರವಾದ ಅಡಿಪಾಯ ಬಿದ್ದದ್ದು ಅಂದೇ.

ನಮಗೆ ಉಳಿಯುವ ಪ್ರಶ್ನೆ

ನಮ್ಮ ಸಮುದಾಯದಲ್ಲಿ ರಾಜಕೀಯದ ಮಾತು ಬಂದಾಗಲೆಲ್ಲ ಎಣಿಕೆ ಆರಂಭವಾಗುತ್ತದೆ. ವಿಧಾನಸಭೆಯಲ್ಲಿ ನಮ್ಮವರೆಷ್ಟು, ಸಂಪುಟದಲ್ಲಿ ಎಷ್ಟು, ಯಾವ ಪಕ್ಷ ಎಷ್ಟು ಟಿಕೆಟ್ ಕೊಟ್ಟಿತು? ಈ ಪ್ರಶ್ನೆಗಳಲ್ಲಿ ನ್ಯಾಯವಿದೆ. ಪ್ರಾತಿನಿಧ್ಯ ಕುಗ್ಗುವುದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ. ಆದರೆ ಎಣಿಕೆಯಲ್ಲೇ ಮಾತು ಮುಗಿದರೆ ಇನ್ನೊಂದು ಪ್ರಶ್ನೆ ಕೇಳದೆ ಉಳಿಯುತ್ತದೆ. ನಮ್ಮ ಊರಿನ ಗ್ರಾಮಸಭೆಗೆ ನಮ್ಮ ಮೊಹಲ್ಲಾದಿಂದ ಎಷ್ಟು ಮಂದಿ ಹೋಗುತ್ತಾರೆ? ವಾರ್ಡ್ ಸಭೆಯಲ್ಲಿ ಎದ್ದು ನಿಂತು ಮಾತನಾಡಿದ ನಮ್ಮ ಹೆಣ್ಣುಮಕ್ಕಳೆಷ್ಟು? ಓದಿದ, ಪ್ರಾಮಾಣಿಕನಾದ ಯುವಕನೊಬ್ಬ ಪಂಚಾಯತಿಗೆ ಸ್ಪರ್ಧಿಸುತ್ತೇನೆಂದರೆ ಮನೆಯ ಹಿರಿಯರು ಅವನನ್ನು ಹುರಿದುಂಬಿಸುತ್ತಾರೆಯೇ ಅಥವಾ ಆ ಕೊಳಕಿಗೆ ನಿನ್ನಂತಹವನು ಏಕೆ ಎಂದು ತಡೆಯುತ್ತಾರೆಯೇ?

ಚರಂಡಿ, ನಲ್ಲಿ, ಬೀದಿ ದೀಪಗಳ ಕೆಲಸವನ್ನು ಸಣ್ಣದೆಂದು ಭಾವಿಸುವವನಿಗೆ ದೊಡ್ಡ ಕೆಲಸ ಸಿಕ್ಕರೂ ಅದರಲ್ಲಿ ಜನರು ಕಾಣಿಸುವುದಿಲ್ಲ. ನಜೀರ್ ಸಾಬರ ಹಾದಿ ಪುರಸಭೆಯಿಂದ ಆರಂಭವಾಯಿತೆಂಬುದು ಅವರ ಜೀವನಚರಿತ್ರೆಯ ಮೊದಲ ಸಾಲು ಮಾತ್ರವಲ್ಲ, ಕೊನೆಯವರೆಗಿನ ಅವರ ಕೆಲಸದ ದಿಕ್ಕನ್ನು ನಿಶ್ಚಯಿಸಿದ ಸಂಗತಿ.

ಇನ್ನೊಂದು ಮಾತನ್ನೂ ಹೇಳಬೇಕು. ಸಾಬ್ ಎಂಬ ಪದವನ್ನು ನಮ್ಮ ನಾಡಿನಲ್ಲಿ ಗೌರವದಿಂದ ಬಳಸುವವರಿದ್ದಾರೆ, ಹೀಯಾಳಿಸಲು ಬಳಸುವವರೂ ಇದ್ದಾರೆ. ಆ ಪದಕ್ಕೆ ನೀರನ್ನು ಜೋಡಿಸಿ ಪ್ರೀತಿಯ ಹೆಸರಾಗಿಸಿದ ಹಳ್ಳಿಗರಲ್ಲಿ ಹೆಚ್ಚಿನವರು ಮುಸ್ಲಿಮರಾಗಿರಲಿಲ್ಲ. ಆ ಹೆಸರಿಗಾಗಿ ಯಾವ ಭಾಷಣವೂ ನಡೆಯಲಿಲ್ಲ, ಯಾವ ಸೌಹಾರ್ದ ಸಮಾವೇಶವೂ ನಡೆಯಲಿಲ್ಲ. ಯಾರ ಕೇರಿ, ಯಾವ ಜಾತಿ, ಯಾವ ಪಕ್ಷ ಎಂದು ನೋಡದೆ ಹಕ್ಕುದಾರರಿಗೆ ಅವರ ಪಾಲು ಮುಟ್ಟಿದಾಗ ಜನರು ತಾವಾಗಿಯೇ ಕೊಟ್ಟ ಸಾಕ್ಷ್ಯ ಅದು. ಪರಸ್ಪರ ಸಂಶಯವನ್ನು ಬಿತ್ತುವ ಈ ದಿನಗಳಲ್ಲಿ ನಾವು ಎಷ್ಟು ವಾದ ಮಾಡಿದರೂ ಮೂಡದ ನಂಬಿಕೆ ಒಂದು ಪ್ರಾಮಾಣಿಕವಾದ ಕೆಲಸದಿಂದ ಮೂಡುತ್ತದೆ ಎಂಬುದಕ್ಕೆ ಅದು ನಮ್ಮ ನೆಲದ್ದೇ ಆದ ನಿದರ್ಶನ.

ಅಧಿಕಾರವನ್ನು ಅಮಾನತ್ ಎಂದು ನಂಬುವವರು ನಾವು. ಜನರ ವ್ಯವಹಾರಗಳು ಜನರ ಸಮಾಲೋಚನೆಯಿಂದ ನಡೆಯಬೇಕೆಂಬುದೂ ನಮಗೆ ಹೊಸ ಮಾತಲ್ಲ. ಆದರೆ ಅಮಾನತ್ತನ್ನು ಕುರಿತು ಮಾತನಾಡುವುದಕ್ಕಿಂತ ಅದನ್ನು ಮರಳಿಸುವುದು ಕಷ್ಟ. ಕೈಗೆ ಬಂದ ಅಧಿಕಾರವನ್ನು ಬಿಗಿಹಿಡಿಯುವುದು ಮನುಷ್ಯ ಸ್ವಭಾವ. ಐದಾರು ವರ್ಷಗಳ ಸಚಿವಗಿರಿಯ ಬಹುಪಾಲನ್ನು ತನ್ನ ಇಲಾಖೆಯ ಅಧಿಕಾರವನ್ನು ಇತರರಿಗೆ ಹಂಚುವುದರಲ್ಲೇ ಕಳೆದ ವ್ಯಕ್ತಿ ಆ ಸ್ವಭಾವವನ್ನು ಗೆದ್ದವನು ಎನ್ನಬೇಕು.

ಮುಂದಿನ ಬಾರಿ ನಮ್ಮ ಊರಿನಲ್ಲಿ ಗ್ರಾಮಸಭೆಯ ಡಂಗುರ ಸಾರಿದಾಗ ಅಥವಾ ಅದರ ನೋಟಿಸು ಪಂಚಾಯತಿ ಕಚೇರಿಯ ಗೋಡೆಗೆ ಅಂಟಿದಾಗ, ಮಕ್ಕಳನ್ನೂ ಕರೆದುಕೊಂಡು ಹೋಗೋಣ. ಅಲ್ಲಿ ಹಾಕಿದ ಕುರ್ಚಿಗಳು ಯಾರ ಶ್ರಮದಿಂದ ಬಂದವು ಎಂಬುದನ್ನು ಅವರಿಗೆ ತಿಳಿಸಿ ಹೇಳೋಣ. ಗುಂಡ್ಲುಪೇಟೆಯ ಆ ಪುರಸಭಾ ಸದಸ್ಯನ ಸೇವೆಯನ್ನು ಅಲ್ಲಾಹನು ಸ್ವೀಕರಿಸಲಿ, ಅವರ ಸಮಾಧಿಯನ್ನು ಪ್ರಕಾಶಮಯಗೊಳಿಸಲಿ. ಆಮೀನ್.